ಟ್ರಸ್ಟಿನ ಪ್ಯಾನ್ ಎಲ್ಲಿ ಸಿಗುತ್ತದೆ: ಒಂದು ಟಿಪ್ಪಣಿ

ದತ್ತಿ ಟ್ರಸ್ಟೊಂದರ ಪ್ಯಾನ್ ಬೇಕಾದಾಗ ಸಾಮಾನ್ಯವಾಗಿ ಮೊದಲು ತೆರೆಯುವುದು ಟ್ರಸ್ಟ್ ಡೀಡನ್ನು. ಅಲ್ಲಿ ಅದು ಸಿಗುವ ಸಂಭವ ತೀರಾ ಕಡಿಮೆ. ಪ್ಯಾನ್‌ಗೆ ಅರ್ಜಿ ಹಾಕುವಾಗ ಡೀಡಿನ ಪ್ರತಿಯನ್ನೇ ಲಗತ್ತಿಸುವ ರೂಢಿ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಡೀಡು ನೋಂದಣಿಯಾದ ದಿನ ಆ ಸಂಖ್ಯೆ ಹುಟ್ಟಿಯೇ ಇರುವುದಿಲ್ಲ. ಮುಂದೆ ತಿದ್ದುಪಡಿ ಡೀಡು ಬರೆಸಿದ್ದರೆ ಅದರಲ್ಲಿ ನೋಡಬಹುದು. ಈಚಿನ ಮೂಲ ಡೀಡುಗಳಲ್ಲಿ ಪ್ಯಾನ್ ಕಂಡರೂ ಅದು ಬಹುಮಟ್ಟಿಗೆ ಟ್ರಸ್ಟಿಗಳ ಸ್ವಂತದ್ದು.

ಎರಡನ್ನೂ ಬೇರ್ಪಡಿಸುವುದು ನಾಲ್ಕನೆಯ ಅಕ್ಷರ. ಪ್ಯಾನ್‌ನ ಹತ್ತು ಸ್ಥಾನಗಳಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ನಾಲ್ಕನೆಯದು ‘ಪಿ’ ಆದರೆ ವ್ಯಕ್ತಿ, ‘ಟಿ’ ಆದರೆ ಟ್ರಸ್ಟ್, ‘ಸಿ’ ಆದರೆ ಕಂಪನಿ. ಐದನೆಯದು ಸಂಸ್ಥೆಯ ಹೆಸರಿನ ಮೊದಲ ಅಕ್ಷರ. ಹೆಸರುಗಳೆಲ್ಲ ‘ಶ್ರೀ’ಯಿಂದಲೇ ಶುರುವಾಗುವ ನಮ್ಮಲ್ಲಿ ಈ ‘ಎಸ್’ನಿಂದ ಹೆಚ್ಚೇನೂ ತಿಳಿಯದು!

ಆದಾಯ ತೆರಿಗೆ ಕಾಯ್ದೆಯ 12ಎ ಕಲಮಿನಡಿ ಕೊಟ್ಟ ಹಳೆಯ ನೋಂದಣಿ ಪ್ರಮಾಣಪತ್ರಗಳೂ ನಿರಾಸೆಗೊಳಿಸುತ್ತವೆ. ಆ ಕಲಮು ಜಾರಿಗೆ ಬಂದದ್ದು 1973ರಲ್ಲಿ. ಈಗಿನ ಹತ್ತು ಸ್ಥಾನಗಳ ಪ್ಯಾನ್ ಶುರುವಾದದ್ದು 1995ರ ಹೊತ್ತಿಗೆ. ಎಪ್ಪತ್ತು, ಎಂಬತ್ತರ ದಶಕದ ಪತ್ರದ ನೆತ್ತಿಯಲ್ಲಿರುವುದು ಇಲಾಖೆಯ ಕಡತದ ಸಂಖ್ಯೆಯಷ್ಟೆ. 2021ರ ಏಪ್ರಿಲ್‌ನಿಂದ ಹಳೆಯ ಟ್ರಸ್ಟುಗಳೂ 12ಎಬಿ ಅಡಿಯಲ್ಲಿ ಮರುನೋಂದಣಿ ಮಾಡಿಸಬೇಕಾಯಿತು. ಆಗ 10ಎಸಿ ನಮೂನೆಯಲ್ಲಿ ಸಿಕ್ಕ ನೋಂದಣಿ ಸಂಖ್ಯೆಯ ಮೊದಲ ಹತ್ತು ಸ್ಥಾನಗಳು ಟ್ರಸ್ಟಿನ ಪ್ಯಾನ್ ಆಗಿರುತ್ತವೆ. 80ಜಿ ವಿನಾಯಿತಿಗಾಗಿ ದಾನಿಗೆ ಕೊಡುವ 10ಬಿಇ ಪ್ರಮಾಣಪತ್ರದಲ್ಲಂತೂ ಅದು ನೇರವಾಗಿ ನಮೂದಾಗಿರುತ್ತದೆ. ಟ್ರಸ್ಟಿನ ನೌಕರರ ಫಾರಂ 16ರಲ್ಲೂ ಸಿಗುತ್ತದೆ, ಆದರೆ ಪಕ್ಕದಲ್ಲೇ ತೆರಿಗೆ ಕಡಿತದ ಖಾತೆ ಸಂಖ್ಯೆಯಾದ ಟ್ಯಾನ್ ಕೂಡ ಇರುತ್ತದೆ. ಅದಕ್ಕೂ ಹತ್ತೇ ಸ್ಥಾನ; ನಾಲ್ಕು ಅಕ್ಷರಗಳಾದ ಮೇಲೆ ಐದು ಅಂಕಿ ಬಂದರೆ ಅದು ಟ್ಯಾನ್.

ಆದಾಯ ತೆರಿಗೆ ಇಲಾಖೆಯ ಜಾಲತಾಣದ ‘ಪ್ಯಾನ್ ಪರಿಶೀಲನೆ’ ಹುಡುಕಾಟಕ್ಕಲ್ಲ, ಖಚಿತಪಡಿಸಿಕೊಳ್ಳುವುದಕ್ಕೆ: ಮೊದಲು ಪ್ಯಾನನ್ನೇ ಕೇಳುತ್ತದೆ, ಜೊತೆಗೆ ಹೆಸರು ಮತ್ತು ಸ್ಥಾಪನೆಯ ದಿನಾಂಕ. ಟ್ರಸ್ಟಿನ ಮಟ್ಟಿಗೆ ಆ ದಿನಾಂಕವೆಂದರೆ ಡೀಡಿನದು.

ಹೊರಗಿನ ಸಂಶೋಧಕನಿಗೆ ಇವಾವುವೂ ಕೈಗೆ ಸಿಗದಿರಬಹುದು. ಆಗ ಟ್ರಸ್ಟಿನ ಕಲ್ಯಾಣಮಂಟಪದ ಬಾಡಿಗೆ ಬಿಲ್ಲು ನೋಡುವುದು ಒಳ್ಳೆಯದು. ಜಿಎಸ್‌ಟಿ ನೋಂದಣಿಯಿದ್ದರೆ ಬಿಲ್ಲಿನಲ್ಲಿ ಹದಿನೈದು ಸ್ಥಾನಗಳ ಸಂಖ್ಯೆ ಇರುತ್ತದೆ: ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29, ಮೂರರಿಂದ ಹನ್ನೆರಡರವರೆಗಿನದು ಪ್ಯಾನ್. ಇಲ್ಲಿಯೂ ನಾಲ್ಕನೆಯ ಅಕ್ಷರದ ಮೇಲೆ, ಅಂದರೆ ಜಿಎಸ್‌ಟಿ ಸಂಖ್ಯೆಯ ಆರನೆಯ ಸ್ಥಾನದ ಮೇಲೆ, ಕಣ್ಣಿಡಬೇಕು. ಮಂಟಪವನ್ನು ಗುತ್ತಿಗೆಗೆ ಕೊಟ್ಟಿದ್ದರೆ ಬಿಲ್ಲು ಗುತ್ತಿಗೆದಾರನದಾಗಿದ್ದು, ಅಲ್ಲಿ ‘ಟಿ’ ಬದಲು ‘ಪಿ’ ಅಥವಾ ಪಾಲುದಾರಿಕೆ ಸಂಸ್ಥೆಯ ‘ಎಫ್’ ಇರುತ್ತದೆ.