ಹಳದಿ ಡಬ್ಬಿ ರಕ್ತಕ್ಕೆ ಏನು ಮಾಡಿತು?

ಹಳದಿ ಬಣ್ಣದ ತಗಡಿನ ಡಬ್ಬಿ. ಅದರ ಮೇಲೊಂದು ತಾಳೆ ಮರದ ಚಿತ್ರ. ಐವತ್ತು ದಾಟಿದ ಯಾರಿಗೇ ಹೇಳಿ, ‘ಓ, ಡಾಲ್ಡಾ’ ಅಂದುಬಿಡುತ್ತಾರೆ. ಒಳಗಿದ್ದದ್ದು ಖಾಲಿಯಾದ ಮೇಲೂ ಆ ಡಬ್ಬಿ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಹುಣಸೆಹಣ್ಣು ತುಂಬಿಡೋಕೆ, ಅಕ್ಕಿ ಅಳೆಯೋಕೆ, ತುಳಸಿ ಗಿಡ ನೆಡೋಕೆ, ಕೊನೆಗೆ ಬೆಳಗ್ಗೆ ಬಯಲಿಗೆ ನೀರು ಒಯ್ಯೋಕೂ ಅದೇ. ಡಬ್ಬಿಯ ಕಥೆ ಎಲ್ಲರಿಗೂ ಗೊತ್ತು. ಅದರೊಳಗಿನ ಜಿಡ್ಡು ನಮ್ಮ ರಕ್ತದೊಳಗೆ ಹೋಗಿ ಏನು ಮಾಡಿತು ಅನ್ನೋ ಕಥೆಯನ್ನು ಮಾತ್ರ ನಾವು ಬಹಳ ತಡವಾಗಿ ಕೇಳಿದೆವು.

ಶುರುವಾಗಿದ್ದು ಜರ್ಮನಿಯಲ್ಲಿ. 1902ರಲ್ಲಿ ವಿಲ್ಹೆಲ್ಮ್ ನಾರ್ಮನ್ ಅನ್ನೋ ರಸಾಯನಶಾಸ್ತ್ರಜ್ಞ ಒಂದು ಪೇಟೆಂಟ್ ಪಡೆದ. ದ್ರವ ಎಣ್ಣೆಯನ್ನು ಕಾಯಿಸಿ, ಅದಕ್ಕೆ ನಿಕ್ಕಲ್ ಪುಡಿ ಬೆರೆಸಿ, ಹೈಡ್ರೋಜನ್ ಅನಿಲ ಹಾಯಿಸಿದರೆ ಎಣ್ಣೆ ಗಟ್ಟಿಯಾಗುತ್ತೆ. ಇಷ್ಟೇ ವಿದ್ಯೆ. ಆದರೆ ವ್ಯಾಪಾರಕ್ಕೆ ಇದು ಚಿನ್ನದ ಗಣಿ. ಅಗ್ಗದ ಎಣ್ಣೆ ಬೆಣ್ಣೆಯ ಹಾಗೆ ಕಾಣುತ್ತೆ, ಬೇಗ ಕಮಟು ಹಿಡಿಯಲ್ಲ, ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರುತ್ತೆ. 1911ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಹತ್ತಿಬೀಜದ ಎಣ್ಣೆಯನ್ನು ಹೀಗೆ ಗಟ್ಟಿ ಮಾಡಿ ‘ಕ್ರಿಸ್ಕೋ’ ಅಂತ ಮಾರಿತು. 1937ರಲ್ಲಿ ಲಿವರ್ ಕಂಪನಿ ನಮ್ಮ ದೇಶಕ್ಕೆ ಡಾಲ್ಡಾ ತಂದಿತು. ಈ ಸರಕನ್ನು ಮೊದಲು ಆಮದು ಮಾಡುತ್ತಿದ್ದ ವ್ಯಾಪಾರಿಯ ಹೆಸರು ದಾದಾ, ಅದರ ನಡುವೆ ಲಿವರ್‌ನ ‘ಎಲ್’ ಅಕ್ಷರ ಸೇರಿಸಿದಾಗ ಡಾಲ್ಡಾ ಆಯಿತು ಅಂತ ಹೇಳುತ್ತಾರೆ.

ತುಪ್ಪ ಕೊಳ್ಳೋ ಶಕ್ತಿ ಎಷ್ಟು ಜನಕ್ಕಿತ್ತು ಹೇಳಿ? ಮದುವೆ ಮನೆಯ ಲಾಡು, ಹಬ್ಬದ ಹೋಳಿಗೆ, ಹೋಟೆಲಿನ ಪೂರಿ, ಬೇಕರಿಯ ಬಿಸ್ಕತ್ತು, ಎಲ್ಲದಕ್ಕೂ ವನಸ್ಪತಿ ಬಂತು. ಬಡವನ ತಟ್ಟೆಗೂ ತುಪ್ಪದಂಥದ್ದೇನೋ ಬಂತು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಆ ಕಾಲಕ್ಕೆ ಅದೊಂದು ಸಂಭ್ರಮವೇ.

ಜಗಳವೂ ಆಯಿತು. ಗಾಂಧೀಜಿ ವನಸ್ಪತಿಯನ್ನು ವಿರೋಧಿಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಇದನ್ನು ನಿಷೇಧಿಸಬೇಕು ಅನ್ನೋ ಕೂಗು ಸಂಸತ್ತಿನವರೆಗೂ ಹೋಯಿತು. ಆದರೆ ಆ ಗಲಾಟೆಯ ಮುಖ್ಯ ತಕರಾರು ಯಾವುದು ಗೊತ್ತಾ? ಕಲಬೆರಕೆ! ವ್ಯಾಪಾರಿಗಳು ತುಪ್ಪಕ್ಕೆ ಡಾಲ್ಡಾ ಬೆರೆಸುತ್ತಾರೆ, ಗಿರಾಕಿಗೆ ಮೋಸ ಆಗುತ್ತೆ ಅನ್ನೋದು. ಅದಕ್ಕೆ ಸರ್ಕಾರ ಕಂಡುಕೊಂಡ ಪರಿಹಾರ ಮಾತ್ರ ಮೆಚ್ಚುವಂಥದ್ದು. ವನಸ್ಪತಿಯಲ್ಲಿ ಕನಿಷ್ಠ 5% ಎಳ್ಳೆಣ್ಣೆ ಇರಲೇಬೇಕು ಅಂತ ಕಾನೂನು ಮಾಡಿದರು. ಎಳ್ಳೆಣ್ಣೆ ಯಾಕೆ? ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯೂರಲ್ ಹಾಕಿ ಕುಲುಕಿದರೆ ಎಳ್ಳೆಣ್ಣೆ ಕೆಂಪಗಾಗುತ್ತೆ. ತುಪ್ಪದಲ್ಲಿ ಡಾಲ್ಡಾ ಬೆರೆತಿದ್ದರೆ ಬಣ್ಣವೇ ಚಾಡಿ ಹೇಳುತ್ತೆ. ಇಂಜಿನಿಯರಿಂಗ್ ಓದಿದವನಾಗಿ ಈ ಜಾಣತನಕ್ಕೆ ನಾನು ಸಲಾಂ ಹೊಡೆಯುತ್ತೇನೆ. ಆದರೆ ನೋಡಿ, ಆ ಪರೀಕ್ಷೆ ಕೇಳಿದ್ದು ಒಂದೇ ಪ್ರಶ್ನೆ: ಅಸಲಿಯೋ, ನಕಲಿಯೋ? ತಿಂದವನ ಗತಿ ಏನು ಅಂತ ಅದು ಕೇಳಲಿಲ್ಲ.

ಆ ಪ್ರಶ್ನೆ ಬೇರೆ ಕಡೆ ಹುಟ್ಟಿತ್ತು. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಶುದ್ಧ ಕೊಲೆಸ್ಟ್ರಾಲ್ ತಿನ್ನಿಸಿ, ಅವುಗಳ ರಕ್ತನಾಳದಲ್ಲಿ ಜಿಡ್ಡು ಕಟ್ಟಿದ್ದನ್ನು ತೋರಿಸಿದ. ಮೊಲ ಸೊಪ್ಪು ತಿನ್ನೋ ಪ್ರಾಣಿ, ಮನುಷ್ಯ ಹಾಗಲ್ಲ ಅಂತ ಹಲವರು ತಳ್ಳಿಹಾಕಿದರು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಆನ್ಸೆಲ್ ಕೀಸ್ ಮನುಷ್ಯರ ಮೇಲೇ ಪ್ರಯೋಗ ಮಾಡಿದ. ಊಟದಲ್ಲಿರೋ ಕೊಲೆಸ್ಟ್ರಾಲ್‌ಗಿಂತ, ಊಟದಲ್ಲಿರೋ ಕೊಬ್ಬಿನ ಜಾತಿ ಯಾವುದು ಅನ್ನೋದೇ ಮುಖ್ಯ ಅಂದ. ಬೆಣ್ಣೆ, ಮಾಂಸದಲ್ಲಿ ಹೆಚ್ಚಿರೋ ಸ್ಯಾಚುರೇಟೆಡ್ ಕೊಬ್ಬು ರಕ್ತದ ಕೊಲೆಸ್ಟ್ರಾಲ್ ಏರಿಸುತ್ತೆ. ಜೋಳ, ಕುಸುಬೆಯಂಥ ಎಣ್ಣೆಗಳಲ್ಲಿರೋ ಪಾಲಿಅನ್‌ಸ್ಯಾಚುರೇಟೆಡ್ ಕೊಬ್ಬು ಇಳಿಸುತ್ತೆ. 1961ರಲ್ಲಿ ಆತ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದ.

ಇದು ಹೇಗೆ ಆಗುತ್ತೆ ಅನ್ನೋದಕ್ಕೆ ಉತ್ತರ ಸಿಕ್ಕಿದ್ದು ಆಮೇಲೆ. ಕೊಲೆಸ್ಟ್ರಾಲ್ ರಕ್ತದಲ್ಲಿ ತಾನಾಗಿಯೇ ತೇಲಿಕೊಂಡು ಹೋಗಲ್ಲ. ಅದಕ್ಕೆ ಗಾಡಿ ಬೇಕು. ಎಲ್‌ಡಿಎಲ್ ಅನ್ನೋ ಗಾಡಿ ಅದನ್ನು ಮೈಯೆಲ್ಲ ಹಂಚುತ್ತೆ, ಎಚ್‌ಡಿಎಲ್ ಅನ್ನೋ ಗಾಡಿ ಉಳಿದದ್ದನ್ನು ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ, ವಾಪಸ್ ತರುತ್ತೆ. ರಕ್ತದಲ್ಲಿರೋ ಎಲ್‌ಡಿಎಲ್ ಅನ್ನು ಒಳಗೆ ಎಳೆದುಕೊಳ್ಳೋಕೆ ಲಿವರ್‌ನ ಮೇಲೆ ಬಾಗಿಲುಗಳಿವೆ. ಆ ಬಾಗಿಲು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಈ ಬಾಗಿಲುಗಳ ಕೆಲಸ ಕುಗ್ಗುತ್ತೆ. ಒಳಗೆ ಹೋಗಬೇಕಾದ ಎಲ್‌ಡಿಎಲ್ ಬೀದಿಯಲ್ಲೇ ಅಲೆಯುತ್ತೆ. (ಕಡಲೆಕಾಯಿ ಎಣ್ಣೆಯ ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಫ್ರೀ’ ಅಂತ ಬರೆಯುತ್ತಾರಲ್ಲ, ಅದಕ್ಕೆ ಮರುಳಾಗಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರಲ್ಲ. ನೀರಿನ ಬಾಟಲಿ ಮೇಲೆ ‘ಎಲುಬಿಲ್ಲ’ ಅಂತ ಬರೆದ ಹಾಗೆ ಅದು.)

ಸರಿ, ಬೆಣ್ಣೆ ತುಪ್ಪ ಬಿಡಿ, ಸಸ್ಯಜನ್ಯ ಕೊಬ್ಬು ತಿನ್ನಿ ಅನ್ನೋ ಗಾಳಿ ಬೀಸಿತು. ವನಸ್ಪತಿ, ಮಾರ್ಗರೀನ್ ಕಂಪನಿಗಳಿಗೆ ಇನ್ನೇನು ಬೇಕು? ನಮ್ಮದೂ ಸಸ್ಯಜನ್ಯವೇ ಅಲ್ವಾ!

ಇಲ್ಲೇ ಇರೋದು ಎಡವಟ್ಟು. ಎಣ್ಣೆಯನ್ನು ಅರ್ಧಂಬರ್ಧ ಗಟ್ಟಿ ಮಾಡುವಾಗ ಎಲ್ಲ ಅಣುಗಳೂ ಹೈಡ್ರೋಜನ್ ಹಿಡಿದುಕೊಂಡು ಸುಮ್ಮನಾಗಲ್ಲ. ಕೆಲವು ಹಿಡಿದು ಬಿಡುತ್ತವೆ, ಬಿಡುವಾಗ ಮೈ ತಿರುಚಿಕೊಳ್ಳುತ್ತವೆ. ಸಹಜ ಎಣ್ಣೆಯ ಅಣು ಮೊಣಕೈ ಮಡಚಿದ ಹಾಗೆ ಬಾಗಿರುತ್ತೆ. ತಿರುಚಿಕೊಂಡದ್ದು ಕೋಲಿನ ಹಾಗೆ ನೆಟ್ಟಗಾಗುತ್ತೆ. ಇದೇ ಟ್ರಾನ್ಸ್ ಫ್ಯಾಟ್. ಆಲಿವ್ ಎಣ್ಣೆಯಲ್ಲಿ ಹೇರಳವಾಗಿರೋ ಓಲೀಕ್ ಆಮ್ಲ ಸುಮಾರು 13 ಡಿಗ್ರಿಯಲ್ಲೇ ಕರಗುತ್ತೆ. ಅದರ ಟ್ರಾನ್ಸ್ ರೂಪ ಕರಗೋಕೆ ಸುಮಾರು 45 ಡಿಗ್ರಿ ಬೇಕು. ಪರಮಾಣುಗಳ ಲೆಕ್ಕ ಎರಡರಲ್ಲೂ ಒಂದೇ, ಆಕಾರ ಮಾತ್ರ ಬೇರೆ.

1957ರಲ್ಲೇ ಇಲಿನಾಯ್ ವಿಶ್ವವಿದ್ಯಾಲಯದ ಫ್ರೆಡ್ ಕಮರೋ ಮತ್ತು ಸಂಗಡಿಗರು ಮನುಷ್ಯರ ಅಂಗಾಂಶಗಳಲ್ಲಿ ಈ ಟ್ರಾನ್ಸ್ ಕೊಬ್ಬು ಸೇರಿಕೊಂಡಿರೋದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತಾರಲ್ಲ, ಹಾಗಾಯಿತು. ಮೂವತ್ತಮೂರು ವರ್ಷ ಕಳೆಯಿತು. 1990ರಲ್ಲಿ ಮೆಕ್‌ಡೊನಾಲ್ಡ್ಸ್ ಅಮೆರಿಕದಲ್ಲಿ ದನದ ಕೊಬ್ಬು ಬಿಟ್ಟು ಸಸ್ಯಜನ್ಯ ಎಣ್ಣೆಯಲ್ಲಿ ಆಲೂಗಡ್ಡೆ ಕರಿಯೋಕೆ ಶುರು ಮಾಡಿತು, ಹೃದಯ ಕಾಪಾಡೋ ಹೆಸರಲ್ಲಿ. ಅದೇ ವರ್ಷ ನೆದರ್ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್ ಒಂದು ಪ್ರಯೋಗ ಪ್ರಕಟಿಸಿದರು. 59 ಆರೋಗ್ಯವಂತರು. ಮೂರು ಬಗೆಯ ಊಟ, ತಲಾ ಮೂರು ವಾರ. ಮಿಕ್ಕಿದ್ದೆಲ್ಲ ಒಂದೇ, ಕೊಬ್ಬು ಮಾತ್ರ ಬೇರೆ. ಓಲೀಕ್ ಊಟಕ್ಕೆ ಹೋಲಿಸಿದರೆ, ಸ್ಯಾಚುರೇಟೆಡ್ ಊಟದಲ್ಲಿ ಕೆಟ್ಟ ಎಲ್‌ಡಿಎಲ್ ಡೆಸಿಲೀಟರ್‌ಗೆ 18 ಮಿಲಿಗ್ರಾಂ ಏರಿತು. ಟ್ರಾನ್ಸ್ ಊಟದಲ್ಲಿ 14 ಏರಿತು. ಹಾಗಾದರೆ ಟ್ರಾನ್ಸ್ ವಾಸಿ ಅಲ್ವಾ? ತಾಳಿ. ಒಳ್ಳೆಯ ಎಚ್‌ಡಿಎಲ್ ಸ್ಯಾಚುರೇಟೆಡ್ ಊಟದಲ್ಲಿ ಕದಲಲಿಲ್ಲ. ಟ್ರಾನ್ಸ್ ಊಟದಲ್ಲಿ ಸುಮಾರು 7 ಇಳಿಯಿತು. ಕಸ ಸುರಿಯೋ ಗಾಡಿಯೂ ಹೆಚ್ಚಾಯಿತು, ಕಸ ಎತ್ತೋ ಗಾಡಿಯೂ ಕಡಿಮೆಯಾಯಿತು! ಬೆಣ್ಣೆ ಬಿಟ್ಟು ಇದನ್ನು ತಿಂದವರು ಬಾಣಲೆಯಿಂದ ಬೆಂಕಿಗೆ ಬಿದ್ದಿದ್ದರು.

ಕಮರೋ ಅಜ್ಜ ಮಾತ್ರ ಬಿಡಲಿಲ್ಲ. 2009ರಲ್ಲಿ ಅಮೆರಿಕದ ಆಹಾರ ಇಲಾಖೆಗೆ ಅರ್ಜಿ ಹಾಕಿದ. ಉತ್ತರ ಬರಲಿಲ್ಲ. 2013ರಲ್ಲಿ, 98ನೇ ವಯಸ್ಸಿನಲ್ಲಿ, ಇಲಾಖೆಯ ಮೇಲೇ ಕೇಸು ಹಾಕಿದ. 2015ರಲ್ಲಿ ಈ ಅರೆಗಟ್ಟಿ ಎಣ್ಣೆಗಳು ಸುರಕ್ಷಿತ ಅಲ್ಲ ಅಂತ ಇಲಾಖೆ ಘೋಷಿಸಿತು. ಆದೇಶ ಜಾರಿಗೆ ಬಂದಿದ್ದು 2018ರ ಜೂನ್‌ನಲ್ಲಿ. ಅಜ್ಜ 2017ರಲ್ಲೇ, 102ನೇ ವಯಸ್ಸಿನಲ್ಲಿ ತೀರಿಕೊಂಡಿದ್ದ. ಡೆನ್ಮಾರ್ಕ್ ಅನ್ನೋ ಪುಟ್ಟ ದೇಶ 2003ರಲ್ಲೇ ಕೊಬ್ಬಿನಲ್ಲಿ 2% ಮಿತಿ ಹಾಕಿ ಮುಗಿಸಿತ್ತು.

ನಮ್ಮಲ್ಲಿ? ಮಿತಿ ಮೊದಲು 10%, ಆಮೇಲೆ 5%, 2021ರಲ್ಲಿ 3%, 2022ರ ಜನವರಿಯಿಂದ 2%. ಡಾಲ್ಡಾ ಬಂದ 1937ರಿಂದ ಎಣಿಸಿ, ಎಂಬತ್ತೈದು ವರ್ಷ. ತುಪ್ಪ ಕೊಳ್ಳೋ ಶಕ್ತಿ ಇದ್ದವನನ್ನು ಮೋಸದಿಂದ ಕಾಪಾಡೋಕೆ ಎಳ್ಳೆಣ್ಣೆಯ ಕಾನೂನು ಯಾವಾಗಲೋ ಬಂದಿತ್ತು. ಡಾಲ್ಡಾವನ್ನು ಡಾಲ್ಡಾ ಅಂತಲೇ ಗೊತ್ತಿದ್ದು ಕೊಂಡು ತಿಂದವನ ರಕ್ತನಾಳದ ಬಗ್ಗೆ ಕಾನೂನು ಮಾಡೋಕೆ ಇಷ್ಟು ಕಾಲ ಬೇಕಾಯಿತು. ನನಗೆ ಸಿಟ್ಟು ಬರೋದು ಇಲ್ಲಿ.

ಈಗ ಬೇಕರಿಯವರು, ಬಿಸ್ಕತ್ತು ಕಂಪನಿಯವರು ಹೆಚ್ಚಾಗಿ ನೆಚ್ಚಿಕೊಂಡಿರೋದು ತಾಳೆ ಎಣ್ಣೆಯನ್ನು. ಅದರಲ್ಲಿ ಟ್ರಾನ್ಸ್ ಇಲ್ಲದಂತೆ ನೋಡಿಕೊಳ್ಳಬಹುದು, ಆದರೆ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬೇ. ಕರಾವಳಿಯವರ ತೆಂಗಿನ ಎಣ್ಣೆಯಲ್ಲಿ ಅದು 90%ರ ಹತ್ತಿರ. ಉತ್ತರ ಕರ್ನಾಟಕದ ಶೇಂಗಾ ಎಣ್ಣೆಯಲ್ಲಿ ಐದನೇ ಒಂದು ಭಾಗ ಮಾತ್ರ, ಕುಸುಬೆ ಎಣ್ಣೆಯಲ್ಲಿ ಇನ್ನೂ ಕಡಿಮೆ. ಪಫ್ಸ್ ಕೊಳ್ಳುವಾಗ ಇದನ್ನೆಲ್ಲ ಯಾರು ಕೇಳ್ತಾರೆ ಅಂತೀರಾ? ಪಫ್ಸ್‌ಗೆ ಪ್ಯಾಕೆಟ್ಟೂ ಇಲ್ಲ, ಲೇಬಲ್ಲೂ ಇಲ್ಲ. ಬಿಸ್ಕತ್ತಿಗಾದರೆ ಹಿಂಭಾಗದಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತೆ. ಮುಂಭಾಗದಲ್ಲಿ ದೊಡ್ಡದಾಗಿ ‘ಟ್ರಾನ್ಸ್ ಫ್ಯಾಟ್ ಇಲ್ಲ’ ಅಂತ ಬರೆದಿದ್ದರೆ, ತಿರುಗಿಸಿ ಸ್ಯಾಚುರೇಟೆಡ್ ಎಷ್ಟು ಅನ್ನೋ ಸಾಲನ್ನೂ ಓದಿ.