ಹಳೆ ಜಾವಾಕ್ಕೆ ಯಾವ ಬಣ್ಣ?

ಶ್ರೀನಿವಾಸಪುರದ ಮಾವಿನ ತೋಪಿನ ಮನೆಯಿರಲಿ, ಮಾಲೂರಿನ ಓಣಿಯಿರಲಿ, ಮುಳಬಾಗಿಲು ಕಡೆಯ ಹಳ್ಳಿಯ ಕೊಟ್ಟಿಗೆಯಿರಲಿ, ರೇಷ್ಮೆಯ ಚಂದ್ರಿಕೆ ಮತ್ತು ಹಾಲಿನ ಕ್ಯಾನುಗಳ ಹಿಂದೆ ಗೋಣಿತಾಟು ಹೊದ್ದು ನಿಂತ ಮೋಟಾರ್ ಸೈಕಲ್ ಒಂದು ಕಂಡರೆ ಅಚ್ಚರಿಪಡಬೇಕಾಗಿಲ್ಲ. ಟ್ಯಾಂಕಿನ ಧೂಳು ಒರೆಸಿದರೆ ‘ಜಾವಾ’ ಅಥವಾ ‘ಯೆಜ್ಡಿ’ ಎಂಬ ಹೆಸರು ಕಾಣಬಹುದು. ಅಜ್ಜ ಓಡಿಸಿದ್ದು, ಅಪ್ಪ ಮೂಲೆಗೆ ನಿಲ್ಲಿಸಿದ್ದು. ಈಗ ಮೊಮ್ಮಗನಿಗೆ ಅದನ್ನು ಮತ್ತೆ ರಸ್ತೆಗಿಳಿಸುವ ಆಸೆ. ಕೋಲಾರದ ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ಎದುರಾಗುವುದು ಒಂದೇ ಪ್ರಶ್ನೆ: ಕಂಪನಿಯಿಂದ ಬಂದ ಹಾಗೆ ಮಾಡಬೇಕೋ, ಮನಸ್ಸಿಗೆ ಬಂದ ಹಾಗೆ ಮಾಡಬೇಕೋ?

ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಅಷ್ಟು ಸುಲಭವಲ್ಲ. ಈ ಗಾಡಿಗಳನ್ನು ತಯಾರಿಸಿದ ಕಾರ್ಖಾನೆ ಇಂದು ಇಲ್ಲ. ಅಲ್ಲಿನ ಕೆಲಸ ಹೇಗಿತ್ತು ಎಂಬುದಕ್ಕೆ ಗಾಡಿಗಳೇ ಸಾಕ್ಷಿ. ಒಂದು ಗಾಡಿಯನ್ನು ಗುರುತು ಸಿಗದಂತೆ ಬದಲಾಯಿಸಿದರೆ ಕರ್ನಾಟಕದ ಕೈಗಾರಿಕಾ ಇತಿಹಾಸದ ಒಂದು ಪುಟ ಹರಿದಂತೆ. ಹಾಗೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಮೋಟಾರ್ ಸೈಕಲ್ ಆಗಿಯೂ ಉಳಿಯುವುದಿಲ್ಲ.

ಪ್ರಾಗ್‌ನಿಂದ ಯಾದವಗಿರಿಗೆ

ಜಾವಾ ಹುಟ್ಟಿದ್ದು ಜೆಕೊಸ್ಲೊವಾಕಿಯಾದಲ್ಲಿ. ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ಯಾನೆಚೆಕ್‌ನ ‘ಜಾ’ ಮತ್ತು ವಾಂಡರರ್‌ನ ‘ವಾ’ ಸೇರಿ ‘ಜಾವಾ’ ಆಯಿತು. ಭಾರತಕ್ಕೆ ಮೊದಲು ಆಮದಾಗುತ್ತಿದ್ದ ಈ ವಾಹನವನ್ನು ಇಲ್ಲಿಯೇ ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮುಂದಾದರು. ಅವರ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಕಟ್ಟಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಲ್ಲಿ ಉತ್ಪಾದನೆ ಶುರುವಾಯಿತು.

ಮದರಾಸಿನಲ್ಲಿ ಎನ್‌ಫೀಲ್ಡ್ ಕಾರ್ಖಾನೆ 1955ರಲ್ಲಿಯೇ ಆರಂಭವಾಗಿತ್ತು. ಮದರಾಸು ರಸ್ತೆಯ ಮೇಲಿರುವ ಕೋಲಾರ, ಮುಳಬಾಗಿಲುಗಳಿಗೆ ಹೀಗೆ ಒಂದು ದಿಕ್ಕಿನಿಂದ ಬುಲೆಟ್, ಇನ್ನೊಂದು ದಿಕ್ಕಿನಿಂದ ಜಾವಾ. ಎರಡರ ಸದ್ದೂ ಬೇರೆ, ಸ್ವಭಾವವೂ ಬೇರೆ. ಜಾವಾ 250ರ ಎಂಜಿನ್ ಟೂ ಸ್ಟ್ರೋಕ್. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 75 ಮಿಲಿಮೀಟರ್. ಸಿಲಿಂಡರ್ ಒಂದೇ ಆದರೂ ಹೊಗೆ ಕೊಳವೆ ಎರಡು. ಕಿಕ್ ಹೊಡೆದು ಗಾಡಿ ಚಾಲೂ ಮಾಡಿದ ಅದೇ ಲಿವರನ್ನು ಮುಂದಕ್ಕೆ ಮಡಚಿದರೆ ಅದೇ ಗೇರ್ ಆಗುತ್ತದೆ. ಗೇರನ್ನು ಒತ್ತಿದೊಡನೆ ಕ್ಲಚ್ ತಾನಾಗಿಯೇ ಬಿಡುತ್ತದೆ. ಹೊಸಬರು ಗೇರ್ ಲಿವರ್ ಎಲ್ಲಿದೆ ಎಂದು ಹುಡುಕುವುದು ಈಗಲೂ ನಡೆಯುವ ತಮಾಷೆ.

1970ರ ದಶಕದ ಆರಂಭದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ಪಟ್ಟಣದಿಂದ ಈ ಹೆಸರು ಬಂತೆನ್ನುವವರಿದ್ದಾರೆ. ಜೆಕ್ ಭಾಷೆಯ ‘ಸವಾರಿ ಮಾಡು’ ಎಂಬ ಪದದ ನೆನಪು ಅದರಲ್ಲಿದೆ ಎನ್ನುವವರೂ ಇದ್ದಾರೆ. 1978ರಲ್ಲಿ ರೋಡ್‌ಕಿಂಗ್ ಬಂತು. 1980ರ ದಶಕದ ನಡುವೆ ಜಪಾನಿನ ಸಹಯೋಗದ 100 ಸಿಸಿ ಬೈಕುಗಳು ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. ಕಡಿಮೆ ಪೆಟ್ರೋಲು ಕುಡಿಯುವ ಗಾಡಿಯ ಎದುರು 250 ಸಿಸಿಯ ಟೂ ಸ್ಟ್ರೋಕ್ ನಿಲ್ಲಲಿಲ್ಲ. ಹೊಗೆ ನಿಯಮಗಳು ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಮುಚ್ಚಿತು.

ಯಾವುದು ಅಸಲಿ?

ಅಸಲಿತನ ಉಳಿಸಬೇಕು ಎನ್ನುವುದೇನೋ ಸರಿ. ಆದರೆ ಯಾವ ದಿನದ ಅಸಲಿತನ? ಕಾರ್ಖಾನೆಯ ಗೇಟು ದಾಟಿದ ದಿನದ್ದೋ, ಅಜ್ಜ ಕೊನೆಯ ಬಾರಿ ಓಡಿಸಿದ ದಿನದ್ದೋ? ಹಾಲಿನ ಕ್ಯಾನು ತೂಗುಹಾಕಲು ಊರಿನ ಕಮ್ಮಾರ ಬೆಸೆದ ಕೊಂಡಿ ಕಂಪನಿಯದ್ದಲ್ಲ. ಆದರೆ ಹಾಲು, ರೇಷ್ಮೆಗಳಿಂದ ಬದುಕು ಕಟ್ಟಿಕೊಂಡ ಈ ಜಿಲ್ಲೆಯ ಮಟ್ಟಿಗೆ ಅದು ಕಾರ್ಖಾನೆಯ ಮುದ್ರೆಗಿಂತ ಕಡಿಮೆ ಬೆಲೆಯದ್ದೇನಲ್ಲ. ಅದನ್ನು ಕತ್ತರಿಸಿ ಎಸೆದರೆ ಗಾಡಿ ಹೊಸದಾಗುತ್ತದೆ, ಕತೆ ಹೋಗುತ್ತದೆ.

ಇದೇ ಪ್ರಶ್ನೆ ಹಳೆಯ ಕಟ್ಟಡಗಳ ವಿಷಯದಲ್ಲೂ ಎದ್ದಿತ್ತು. ಕೋಲಾರದ ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳಂಥ ಸ್ಮಾರಕಗಳನ್ನು ದುರಸ್ತಿ ಮಾಡುವಾಗ ಹೊಸ ಕಲ್ಲು ಎಷ್ಟು, ಹಳೆಯದು ಎಷ್ಟು ಎಂಬ ಚರ್ಚೆ ಜಗತ್ತಿನೆಲ್ಲೆಡೆ ಇರುವಂಥದ್ದು. 1964ರ ವೆನಿಸ್ ಸನ್ನದು ಇದಕ್ಕೆ ಕೆಲವು ಸೂತ್ರಗಳನ್ನು ಕೊಟ್ಟಿತು. ಊಹೆ ಶುರುವಾಗುವಲ್ಲಿ ದುರಸ್ತಿ ನಿಲ್ಲಬೇಕು. ಹೊಸದಾಗಿ ಸೇರಿಸಿದ್ದು ಒಟ್ಟಂದಕ್ಕೆ ಹೊಂದಬೇಕು, ಆದರೆ ಹೊಸದೆಂದು ಗೊತ್ತಾಗಬೇಕು. ಬೇರೆ ಬೇರೆ ಕಾಲದವರು ಸೇರಿಸಿದ್ದಕ್ಕೂ ಗೌರವ ಇರಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ ಇದೇ ಚಿಂತನೆಯನ್ನು ಟ್ಯೂರಿನ್ ಸನ್ನದಿನ ಮೂಲಕ ವಾಹನಗಳಿಗೂ ಅನ್ವಯಿಸಿತು. ಈ ಕಣ್ಣಿನಿಂದ ನೋಡಿದರೆ ಹಾಲಿನ ಕ್ಯಾನಿನ ಕೊಂಡಿ ಕಸವಲ್ಲ, ದಾಖಲೆ.

ಇನ್ನೊಂದು ಮಾತೂ ಇದೆ. ಕಾರ್ಖಾನೆ ಮುಚ್ಚಿದ ಮೇಲೆ ಪೇಟೆಯಲ್ಲಿ ಸಿಗುವ ಬಿಡಿಭಾಗಗಳಲ್ಲಿ ಬಹಳಷ್ಟು ನಂತರ ಬೇರೆಯವರು ಮಾಡಿದವು. ಹೊಳೆಯುವ ಹೊಸ ಸೈಲೆನ್ಸರ್ ಹಾಕಿ ‘ಪೂರ್ತಿ ಅಸಲಿ’ ಎಂದು ಹೇಳಿಕೊಳ್ಳುವುದಕ್ಕಿಂತ, ತುಕ್ಕು ಹಿಡಿದ ಹಳೆಯದನ್ನೇ ತಿದ್ದಿ ಬಳಸುವುದು ಹೆಚ್ಚು ಪ್ರಾಮಾಣಿಕ.

ರುಚಿಗೂ ಜಾಗವಿದೆ

ಹಾಗಾದರೆ ಮಾಲೀಕನ ಇಷ್ಟಕ್ಕೆ ಬೆಲೆಯೇ ಇಲ್ಲವೇ? ಇದೆ. ಮರಳಿ ಮೊದಲಿನಂತೆ ಮಾಡಬಹುದಾದ ಬದಲಾವಣೆ ಬೇರೆ, ಮಾಡಲಾಗದ್ದು ಬೇರೆ. ಸೀಟಿನ ಹೊದಿಕೆ, ಹ್ಯಾಂಡಲ್, ಕನ್ನಡಿಗಳನ್ನು ನಾಳೆ ಬಿಚ್ಚಿ ಹಳೆಯದನ್ನು ಕೂರಿಸಬಹುದು. ಚಾಸಿಯ ಹಿಂಭಾಗ ಕತ್ತರಿಸಿದರೆ ಮುಗಿಯಿತು. ಚಾಸಿ ಮತ್ತು ಎಂಜಿನ್ ಮೇಲೆ ಕೊರೆದ ನಂಬರುಗಳಿಗೆ ಉಜ್ಜುಕಾಗದ ತಾಗಿಸುವುದು, ದಪ್ಪ ಬಣ್ಣ ಬಳಿದು ಮುಚ್ಚುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆ ಅಂಕಿಗಳೇ ಗಾಡಿಯ ಜಾತಕ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಹಟ ಸಲ್ಲದು. ಹಳೆ ಜಾವಾದ 6 ವೋಲ್ಟ್ ದೀಪ ಎತ್ತಿನ ಗಾಡಿಗಳ ಕಾಲದ ರಸ್ತೆಗೆ ಸಾಕಿತ್ತು. ಲಾರಿಗಳು ನುಗ್ಗುವ ಇಂದಿನ ಹೆದ್ದಾರಿಗೆ ಸಾಲದು. ಅದನ್ನು 12 ವೋಲ್ಟಿಗೆ ಬದಲಾಯಿಸಿಕೊಂಡವರು ಅನೇಕರು. ಟೈರು, ಬ್ರೇಕಿನ ಪಟ್ಟಿ ಹೊಸದಾಗಿರಲೇಬೇಕು. ಪೆಟ್ರೋಲಿನಲ್ಲಿ ಈಗ ಶೇಕಡ 20ರವರೆಗೆ ಎಥನಾಲ್ ಬೆರೆಯುತ್ತಿದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಅಸಲಿ ಎಂದು 50 ವರ್ಷ ಹಳೆಯ ಪೆಟ್ರೋಲ್ ಪೈಪನ್ನು ಉಳಿಸಿಕೊಂಡರೆ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಕಾನೂನು ಏನು ಹೇಳುತ್ತದೆ?

2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಾಗದೆ ಮೂಲರೂಪದಲ್ಲಿರುವ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಈಗಾಗಲೇ ನೋಂದಣಿಯಾದವು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಮೈಸೂರಿನ ಮೊದಲ ಜಾವಾಗಳು 2011ರಲ್ಲಿಯೇ 50 ದಾಟಿದವು. ಮೊದಲ ರೋಡ್‌ಕಿಂಗ್‌ಗಳಿಗೆ ಆ ವಯಸ್ಸಾಗುವುದು 2028ರಲ್ಲಿ; ಕಾರ್ಖಾನೆಯ ಕೊನೆಯ ಯೆಜ್ಡಿಗಳಿಗೆ 2046ರಲ್ಲಿ. ಇಂದು ಶೋಕಿಗಾಗಿ ಚಾಸಿ ಕತ್ತರಿಸುವ ಯುವಕ ನಾಳಿನ ಈ ಮಾನ್ಯತೆಯನ್ನೂ ಕತ್ತರಿಸುತ್ತಿದ್ದಾನೆ. ವಿಂಟೇಜ್ ಅಲ್ಲದ ಗಾಡಿಗೂ ಮಿತಿಯುಂಟು. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಬಣ್ಣ ಬದಲಿಸಿದರೂ ಆರ್‌ಸಿ ಪುಸ್ತಕದಲ್ಲಿ ನಮೂದಾಗಬೇಕು.

ಹೆಸರಿನ ಒಡೆತನ ಪಡೆದ ಕಂಪನಿಯೂ ಇದೇ ತೂಗುಯ್ಯಾಲೆಯಲ್ಲಿ ಕುಳಿತಿತ್ತು. 2018ರಲ್ಲಿ ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಜಾವಾವನ್ನು ಮತ್ತೆ ಪೇಟೆಗೆ ತಂದಾಗ ಮರೂನ್ ಬಣ್ಣ ಉಳಿಯಿತು, ಎರಡು ಹೊಗೆ ಕೊಳವೆಗಳು ಉಳಿದವು. ಎಂಜಿನ್ ಮಾತ್ರ ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಆಯಿತು. ರೂಪ ಉಳಿಸಿ ಉಸಿರು ಬದಲಿಸುವ ದಾರಿ ಅದು. ಹೊಸ ಗಾಡಿಗೆ ಅದು ಸರಿ. ಹಳೆ ಗಾಡಿಯ ಮಾಲೀಕನಿಗೆ ಆ ದಾರಿ ಇಲ್ಲ. ಅವನ ಕೈಯಲ್ಲಿರುವುದು ಉಸಿರೂ ಹೌದು, ರೂಪವೂ ಹೌದು.

ಕೋಲಾರದ ಪಕ್ಕದ ನರಸಾಪುರದಲ್ಲಿ 2013ರಲ್ಲಿ ಆರಂಭವಾದ ಹೋಂಡಾ ಕಾರ್ಖಾನೆಯಿಂದ ವರ್ಷಕ್ಕೆ ಲಕ್ಷಗಟ್ಟಲೆ ದ್ವಿಚಕ್ರ ವಾಹನಗಳು ಹೊರಬರುತ್ತವೆ. ಯಾದವಗಿರಿಯಿಂದ ಇನ್ನು ಒಂದೂ ಬರುವುದಿಲ್ಲ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿಯ ಎಲ್ಲ ಮೂಲೆಗಳ ಫೋಟೊ ತೆಗೆದಿಟ್ಟುಕೊಳ್ಳುವುದು, ಬಿಚ್ಚಿದ ಪ್ರತಿ ಭಾಗವನ್ನೂ ಗುಜರಿಗೆ ಹಾಕದೆ ಡಬ್ಬಿಯಲ್ಲಿ ಕಾಪಾಡುವುದು ಜಾಣತನ. ಅಜ್ಜನ ಗಾಡಿಗೆ ಮೊಮ್ಮಗ ತನ್ನ ಇಷ್ಟದ ಸೀಟು ಹಾಕಿಕೊಳ್ಳಲಿ. ಅವನ ಮಗ ಒಂದು ದಿನ ಹಳೆಯದನ್ನು ಕೇಳಿದರೆ ಆ ಡಬ್ಬಿ ಅಟ್ಟದ ಮೇಲೆ ಸಿಗುವಂತಿರಲಿ.