ಹಳೆಯ ಫೋಟೋಗಳಿಗೆ ವಿವರ ಬರೆಯುವ ಕ್ರಮ

ಈಚೆಗೆ ಹಲವು ಮನೆಗಳಲ್ಲಿ, ಬಸದಿಗಳಲ್ಲಿ ಹಳೆಯ ಆಲ್ಬಂಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸ ನಡೆಯುತ್ತಿದೆ. ಇದು ಬಹಳ ಸಂತೋಷದ ವಿಷಯ. ಆದರೆ ಸ್ಕ್ಯಾನ್ ಆದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಚೀಟಿ ಇಲ್ಲದ ಮೂಟೆ ಗೋದಾಮಿನಲ್ಲಿ ಎಷ್ಟು ಭದ್ರವಾಗಿದ್ದರೂ ಅದರೊಳಗೆ ಏನಿದೆ, ಯಾರದ್ದು ಎಂದು ಹೇಳಲಾಗದು. ವಿವರ ಇಲ್ಲದ ಫೋಟೋ ಕೂಡ ಹಾಗೆಯೇ. ಚಿತ್ರ ಇನ್ನೂ ನೂರು ವರ್ಷ ಉಳಿಯಬಹುದು, ಅದರಲ್ಲಿರುವ ಮುಖಗಳನ್ನು ಗುರುತಿಸುವ ಹಿರಿಯರು ಅಷ್ಟು ದಿನ ಇರುವುದಿಲ್ಲ. ಆದ್ದರಿಂದ ಸ್ಕ್ಯಾನರ್‌ಗಿಂತ ಮೊದಲು ಹಿರಿಯರ ಬಳಿಗೆ ಹೋಗಬೇಕು.

ಮೊದಲು ಮಾಡಬೇಕಾದದ್ದು

ಆಲ್ಬಂನಿಂದ ಫೋಟೋ ತೆಗೆಯುವ ಮುನ್ನ ಇಡೀ ಪುಟದ ಒಂದು ಚಿತ್ರ ತೆಗೆದುಕೊಳ್ಳಿ. ಅಕ್ಕಪಕ್ಕದ ಫೋಟೋಗಳೇ ಎಷ್ಟೋ ಸಲ ಸಂದರ್ಭ ತಿಳಿಸುತ್ತವೆ. ಪ್ರತಿ ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಅಲ್ಲಿ ಸ್ಟುಡಿಯೋ ಮುದ್ರೆ, ಊರು, ಕೈಬರಹ ಇರುತ್ತದೆ. ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆ ಕೊಡಿ. ಎರಡನೇ ಆಲ್ಬಂ, ಐದನೇ ಪುಟ, ಮೂರನೇ ಫೋಟೋ ಎಂದರೆ 02-05-03. ಅದೇ ಸಂಖ್ಯೆ ಕಡತದ ಹೆಸರಿನಲ್ಲೂ ಇರಲಿ, ವಿವರದ ಪಟ್ಟಿಯಲ್ಲೂ ಇರಲಿ. ಮೂಲ ಫೋಟೋದ ಹಿಂದೆ ಸಂಖ್ಯೆ ಬರೆಯುವುದಾದರೆ ಮೃದುವಾದ ಪೆನ್ಸಿಲ್‌ನಿಂದ, ಅಂಚಿನಲ್ಲಿ, ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂದಿನ ಭಾಗದಲ್ಲಿ ಗೆರೆ ಮೂಡುತ್ತದೆ.

ಏನೇನು ಬರೆಯಬೇಕು

ಯಾರು, ಎಲ್ಲಿ, ಯಾವಾಗ, ಏನು ಸಂದರ್ಭ, ಫೋಟೋ ತೆಗೆದವರು ಯಾರು, ಈಗ ಮೂಲ ಪ್ರತಿ ಯಾರ ಬಳಿ ಇದೆ, ಈ ವಿವರ ಹೇಳಿದವರು ಯಾರು ಎಂಬ ಏಳು ವಿಷಯ ಸಾಕು. ಕೊನೆಯದನ್ನು ಬಿಡಬೇಡಿ. ಮುಂದೆ ಎರಡು ಮನೆಯವರು ಎರಡು ಹೆಸರು ಹೇಳಿದಾಗ ತೀರ್ಮಾನಕ್ಕೆ ಅದೇ ಆಧಾರ.

ಹೆಸರುಗಳನ್ನು ನೋಡುಗರ ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಬರೆಯಿರಿ. ಗೊತ್ತಿಲ್ಲದವರ ಜಾಗದಲ್ಲಿ ‘ಗುರುತು ತಿಳಿದಿಲ್ಲ’ ಎಂದು ಬರೆಯಿರಿ, ಬಿಟ್ಟು ಮುಂದೆ ಹೋದರೆ ಉಳಿದ ಹೆಸರೆಲ್ಲ ಒಂದೊಂದು ಸ್ಥಾನ ಸರಿದುಹೋಗುತ್ತವೆ. ‘ಅಜ್ಜ’, ‘ದೊಡ್ಡಮ್ಮ’ ಎಂದಷ್ಟೇ ಬರೆದರೆ ಮೂರನೇ ತಲೆಮಾರಿಗೆ ಯಾರ ಅಜ್ಜ ಎಂದು ತಿಳಿಯದು. ಹೆಣ್ಣುಮಕ್ಕಳನ್ನು ‘ಇಂಥವರ ಧರ್ಮಪತ್ನಿ’ ಎಂದು ಮುಗಿಸದೆ ಅವರ ಸ್ವಂತ ಹೆಸರು, ತವರು ಊರು ಬರೆಯಿರಿ. ನಮ್ಮ ಮನೆಗಳ ಚರಿತ್ರೆಯಲ್ಲಿ ಅತಿ ಬೇಗ ಅಳಿಸಿಹೋಗುವುದು ಅವರ ಹೆಸರುಗಳೇ.

ಸ್ವಾಮೀಜಿಯವರ ಫೋಟೋಗಳು

ಇಲ್ಲಿ ವಿಶೇಷ ಎಚ್ಚರ ಬೇಕು. ಶ್ರವಣಬೆಳಗೊಳದ ಪೀಠಕ್ಕೂ ಮೂಡುಬಿದಿರೆಯ ಪೀಠಕ್ಕೂ ಚಾರುಕೀರ್ತಿ ಎಂಬುದೇ ಪಟ್ಟದ ಹೆಸರು. ಕಾರ್ಕಳದಲ್ಲಿ ಲಲಿತಕೀರ್ತಿ, ಹೊಂಬುಜದಲ್ಲಿ ದೇವೇಂದ್ರಕೀರ್ತಿ ಎಂಬ ಹೆಸರುಗಳು ಪರಂಪರೆಯಿಂದ ಬಂದಿವೆ. ಆದ್ದರಿಂದ ‘ಚಾರುಕೀರ್ತಿ ಭಟ್ಟಾರಕರೊಂದಿಗೆ ನಮ್ಮ ತಂದೆ’ ಎಂದರೆ ಯಾವ ಮಠ, ಯಾವ ಕಾಲ ಎಂಬುದು ತಿಳಿಯುವುದಿಲ್ಲ. ಶ್ರವಣಬೆಳಗೊಳದಲ್ಲಿ 1970ರಲ್ಲಿ ಪೀಠಕ್ಕೆ ಬಂದು 2023ರವರೆಗೆ ಇದ್ದ ಸ್ವಾಮೀಜಿಯವರು 1981, 1993, 2006, 2018ರ ಮಹಾಮಸ್ತಕಾಭಿಷೇಕಗಳನ್ನು ನಡೆಸಿದರು. 1967ರ ಫೋಟೋದಲ್ಲಿ ಭಟ್ಟಾರಕರಾಗಿ ಕುಳಿತಿರುವವರು ಅವರ ಹಿಂದಿನವರು. ಮಠದ ಹೆಸರು ಮತ್ತು ವರ್ಷ ಎರಡೂ ಇರಲಿ. ಮುನಿಗಳು, ಆರ್ಯಿಕೆಯರು, ಕ್ಷುಲ್ಲಕರು ಎಂಬ ಭೇದವನ್ನೂ ಸರಿಯಾಗಿ ಬರೆಯಿರಿ.

ಸ್ಥಳ ಮತ್ತು ಬಿಂಬ

‘ಗೊಮ್ಮಟೇಶ್ವರನ ಮುಂದೆ’ ಎಂದರೆ ಸಾಲದು. ಕಾರ್ಕಳದ 1432ರ ಮೂರ್ತಿ, ವೇಣೂರಿನ 1604ರ ಮೂರ್ತಿ, ಧರ್ಮಸ್ಥಳದ ಮೂರ್ತಿ ಎಲ್ಲವೂ ಬಾಹುಬಲಿಯವೇ. ಧರ್ಮಸ್ಥಳದಲ್ಲಿ ಪ್ರತಿಷ್ಠೆ ಆದದ್ದು 1982ರಲ್ಲಿ, ಹಾಗಾಗಿ ಅದಕ್ಕೆ ಮೊದಲಿನ ಮಸ್ತಕಾಭಿಷೇಕದ ಚಿತ್ರ ಅಲ್ಲಿಯದಾಗಿರಲು ಸಾಧ್ಯವಿಲ್ಲ. ಬಸದಿಯ ಬಿಂಬವಾದರೆ ಪೀಠದ ಲಾಂಛನ ನೋಡಿ. ವೃಷಭ ಆದಿನಾಥರದು, ಜಿಂಕೆ ಶಾಂತಿನಾಥರದು, ಶಂಖ ನೇಮಿನಾಥರದು, ಸಿಂಹ ಮಹಾವೀರರದು. ಲಾಂಛನ ಕಾಣದಿದ್ದರೆ ‘ತೀರ್ಥಂಕರ ಬಿಂಬ, ಲಾಂಛನ ಕಾಣುತ್ತಿಲ್ಲ’ ಎಂದೇ ಬರೆಯಿರಿ. ಹೆಡೆ ಕಂಡ ಮಾತ್ರಕ್ಕೆ ಪಾರ್ಶ್ವನಾಥ ಎನ್ನಬೇಡಿ, ಸುಪಾರ್ಶ್ವನಾಥರಿಗೂ ಹೆಡೆಗಳಿರುತ್ತವೆ.

ಊರಿನ ಜೊತೆ ಜಿಲ್ಲೆ ಬರೆಯುವಾಗ ಅಂದಿನದನ್ನೂ ಇಂದಿನದನ್ನೂ ಬರೆಯಿರಿ. ಕಾರ್ಕಳ 1997ರವರೆಗೆ ದಕ್ಷಿಣ ಕನ್ನಡದಲ್ಲಿತ್ತು, ಈಗ ಉಡುಪಿ ಜಿಲ್ಲೆ. ಗದಗ, ಹಾವೇರಿ ಧಾರವಾಡದಿಂದಲೂ ಬಾಗಲಕೋಟೆ ಬಿಜಾಪುರದಿಂದಲೂ ಬೇರೆಯಾದದ್ದು ಅದೇ ವರ್ಷ.

ವರ್ಷ ತಿಳಿಯುವ ಬಗೆ

ಸ್ಟುಡಿಯೋ ಮುದ್ರೆಯಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟ್‌ಗಿಂತ ಹಿಂದಿನದಲ್ಲ. ಹಸ್ತದ ಗುರುತುಳ್ಳ ನಮ್ಮ ಜೈನ ಚಿಹ್ನೆ ಬಳಕೆಗೆ ಬಂದದ್ದು 1974ರಲ್ಲಿ ಆರಂಭವಾದ 2500ನೇ ನಿರ್ವಾಣ ಮಹೋತ್ಸವದ ಕಾಲದಲ್ಲಿ. ಅದು ಬ್ಯಾನರ್‌ನಲ್ಲಿ ಕಂಡರೆ ಫೋಟೋ ಆ ನಂತರದ್ದು.

ಆಮಂತ್ರಣ ಪತ್ರಿಕೆಯಲ್ಲಿ ವೀರ ನಿರ್ವಾಣ ಸಂವತ್ ಇದ್ದರೆ, ದೀಪಾವಳಿಯಿಂದ ಡಿಸೆಂಬರ್‌ವರೆಗಿನ ಕಾರ್ಯಕ್ಕೆ 527, ಉಳಿದ ತಿಂಗಳುಗಳ ಕಾರ್ಯಕ್ಕೆ 526 ಕಳೆಯಿರಿ. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಎಂಬುದು ನೆನಪಿರಲಿ. ಪ್ರಭವ ಎಂದರೆ 1927-28 ಆಗಬಹುದು, 1987-88 ಕೂಡ ಆಗಬಹುದು. ಖಚಿತ ಇಲ್ಲದಿದ್ದರೆ ‘ಸುಮಾರು 1965, ಊಹೆ’ ಎಂದು ಬರೆದು ಊಹೆಗೆ ಕಾರಣವನ್ನೂ ಸೇರಿಸಿ. ಕಂಪ್ಯೂಟರ್ ತೋರಿಸುವ ದಿನಾಂಕ ಸ್ಕ್ಯಾನ್ ಮಾಡಿದ ದಿನದ್ದು, ಅದನ್ನು ನಂಬಬೇಡಿ.

ಒಂದು ಮಾದರಿ

02-05-03. ಶ್ರವಣಬೆಳಗೊಳ, ವಿಂಧ್ಯಗಿರಿಯ ಮೆಟ್ಟಿಲ ಬುಡ. 1967ರ ಮಹಾಮಸ್ತಕಾಭಿಷೇಕದ ಸಮಯ (ವರ್ಷ ಹಿಂಬದಿಯ ಬರಹದಿಂದ). ನಿಂತವರು ಎಡದಿಂದ: ಹೆಸರು, ಹೆಸರು, ಗುರುತು ತಿಳಿದಿಲ್ಲ, ಹೆಸರು. ಫೋಟೋ ತೆಗೆದವರು ತಿಳಿದಿಲ್ಲ. ಮೂಲ ಪ್ರತಿ ಹಿರಿಯ ಮಗನ ಮನೆಯಲ್ಲಿದೆ. ವಿವರ ಹೇಳಿದವರು: ಹೆಸರು, ವಯಸ್ಸು, ಹೇಳಿದ ದಿನಾಂಕ.

ಉಳಿಸಿಕೊಳ್ಳುವ ಬಗೆ

ಪಟ್ಟಿಯನ್ನು ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗದು. ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಕಡತದೊಳಗೆ ಬರೆದ ವಿವರವೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಪಟ್ಟಿಯ ಒಂದು ಮುದ್ರಿತ ಪ್ರತಿ ಆಲ್ಬಂ ಜೊತೆಗಿರಲಿ, ಇನ್ನೊಂದು ಪ್ರತಿ ಬೇರೆ ಊರಿನ ಬಂಧುಗಳಲ್ಲಿರಲಿ. ಸಾರ್ವಜನಿಕವಾಗಿ ಹಾಕುವ ಪ್ರತಿಯಲ್ಲಿ ಬದುಕಿರುವವರ ವಿಳಾಸ, ಫೋನ್ ಸಂಖ್ಯೆ ಬೇಡ, ಅವರ ಒಪ್ಪಿಗೆಯನ್ನೂ ಕೇಳಿ.

ಇಡೀ ಸಂಗ್ರಹ ಒಮ್ಮೆಗೇ ಆಗಬೇಕೆಂದಿಲ್ಲ. ಮುಂದಿನ ಭಾನುವಾರ ಮನೆಯ ಅತಿ ಹಿರಿಯರ ಮುಂದೆ ಹತ್ತು ಫೋಟೋ ಇಟ್ಟು, ಮೊಬೈಲ್‌ನಲ್ಲಿ ಅವರ ಮಾತು ರೆಕಾರ್ಡ್ ಮಾಡಿ, ಆಮೇಲೆ ನಿಧಾನವಾಗಿ ಬರೆದುಕೊಳ್ಳಿ. ದಾಸ್ತಾನು ಲೆಕ್ಕ ಮಾಲು ಕಣ್ಣೆದುರಿಗೆ ಇರುವಾಗಲೇ ಆಗಬೇಕು.

ಜೈ ಜಿನೇಂದ್ರ.